ಕಿಟಕಿಯ ಬಾಡಿಗೆಯವಳು

ಮನೆಯ ಹುಳುಹುಪ್ಪಟೆಗೆ ಹೆಸರಿಡಬಾರದೆಂಬುದು ಅವಳ ನಿಯಮ. ಜೇಡಗಳ ಜಾತಿ ಗುರುತಿಸುವುದು ಅವಳ ಕಸುಬು. ಸಾವಿರಾರು ಜೇಡಗಳನ್ನು ಮದ್ಯಸಾರದ ಶೀಶೆಗೆ ಇಳಿಸಿದ ಕೈ ಅದು. ಹೆಸರಿಟ್ಟದ್ದನ್ನು ಇಳಿಸಲು ಕೈ ಹಿಂಜರಿಯುತ್ತದೆಂಬುದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಳು.

ನಿಯಮ ಮುರಿದವರು ಅತ್ತೆ. ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿ, ಗ್ಯಾಸಿನ ಪೈಪಿನ ಹಿಂದೆ ಬಲೆ ನೇಯ್ದಿದ್ದ ಬೂದುಬಣ್ಣದ ಜೇಡವನ್ನು ಅವರು 'ಬಾಡಿಗೆಯವಳು' ಎನ್ನುತ್ತಿದ್ದರು. "ಬಾಡಿಗೆ ಕೊಡಲ್ಲ, ನಿಜ. ಸೊಳ್ಳೆನಾದ್ರೂ ಹಿಡೀತಾಳೆ. ನನ್ನ ಮಗನಿಗಿಂತ ವಾಸಿ."

ಒಂದು ಸಂಜೆ ಸುಮ್ಮನೆ ಭೂತಗನ್ನಡಿ ಹಿಡಿದಾಗ, ಜೇಡದ ಕಾಲುಗಳ ಮೇಲೆ ಇರಬಾರದ ಮುಳ್ಳುಗಳ ಸಾಲೊಂದು ಕಂಡಿತು. ಯಾವ ಗ್ರಂಥದಲ್ಲೂ ಇಲ್ಲದ ಜಾತಿಯಿರಬಹುದು. ಖಚಿತವಾಗಬೇಕಾದರೆ ಅದನ್ನು ಕೊಂದು, ಹೊಟ್ಟೆಯ ಕೆಳಗಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೀದಿಯ ಗೋಡೆಗಳನ್ನೆಲ್ಲ ಜಾಲಾಡಿದರೂ ಇನ್ನೊಂದು ಸಿಗಲಿಲ್ಲ.

"ಫೋಟೋ ನೋಡಿ ಯಾರೂ ಒಪ್ಪಲ್ಲ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ನಾಳೆ ಹಲ್ಲಿ ನುಂಗಿದ್ರೆ?"

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ವಿದ್ಯಾರ್ಥಿಗಳಿಗೆ ಅವಳೂ ಹೇಳುತ್ತಿದ್ದುದು ಅದನ್ನೇ.

ಮರುದಿನ ಶೀಶೆ ಹಿಡಿದು ಬಂದರೆ, ಜೇಡ ಬಿಳಿಯ ಮೊಟ್ಟೆಚೀಲವೊಂದನ್ನು ತಬ್ಬಿ ಕುಳಿತಿತ್ತು. ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ.

"ಅದನ್ನ ಆಚೆ ಇಡು. ಬಾಣಂತನ ಮುಗೀಲಿ."

"ಅತ್ತೆ, ಅದು ಬರೀ ಜೇಡ."

"ನಾನೇನು ಆನೆ ಅಂದ್ನಾ?"

ಅತ್ತೆಯ ಮಾತು ವೈಜ್ಞಾನಿಕ ಕಾರಣವಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಶೀಶೆ ಉಪ್ಪಿನ ಡಬ್ಬಿಯ ಹಿಂದೆ ಸೇರಿತು. ಅಂದಿನಿಂದ ದಿನವೂ ಕಾಫಿಗೆ ಮುನ್ನ ಪೊರಕೆ ಹಿಡಿದು ಹಲ್ಲಿ ಓಡಿಸುವುದು ಈ ವಿದುಷಿಯ ಪಾಲಿನ ಕೆಲಸವಾಯಿತು.

ಕೊನೆಗೊಂದು ಬೆಳಿಗ್ಗೆ ಮರಿಗಳು ಒಂದೊಂದೇ ಎಳೆ ಬಿಟ್ಟು, ಗಾಳಿ ಹಿಡಿದು ಕಿಟಕಿಯಾಚೆ ತೇಲಿಹೋದವು. ಹಿಡಿಯಲು ಅವಳು ಕೈಚಾಚಲಿಲ್ಲ. ಎಳೆಯ ಮರಿಗಳಿಂದ ಜಾತಿ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಹೌದು. ತಾಯಿಯನ್ನು ಅಂದೇ ಶೀಶೆಗೆ ಇಳಿಸಿದಳು. ಮುಚ್ಚಳ ತಿರುಗಿಸಲು ಮಾತ್ರ ಹೊತ್ತು ಹಿಡಿಯಿತು.

ಜಾತಿ ಹೊಸದೇ ಆಗಿತ್ತು. ಆದರೆ ಉಪವಾಸ ಕಾವಲು ಕೂತ ದೇಹ ಬತ್ತಿ, ಹೊಟ್ಟೆಯ ಆಕಾರ, ಅಳತೆ ಎರಡೂ ಕೈತಪ್ಪಿದ್ದವು.

"ಮೊದಲೇ ಹಿಡಿದಿದ್ರೆ?" ಎಂದರು ಮುಖ್ಯಸ್ಥರು.

"ಚೆನ್ನಾಗಿರ್ತಿತ್ತು," ಎಂದಳು. ಸಬೂಬು ಹೇಳಲಿಲ್ಲ.

ಸಂಜೆ ಅತ್ತೆ ಕಿಟಕಿಯ ಖಾಲಿ ಮೂಲೆ ನೋಡುತ್ತ ಕೇಳಿದರು: "ಏನು ಹೆಸರಿಟ್ಟೆ?"

"ಇನ್ನೂ ಇಟ್ಟಿಲ್ಲ."

"ಒಂದು ಇತ್ತಲ್ಲ," ಎಂದರು ಅತ್ತೆ.