ಬೊಂಬಾಯಿ ಪಾರ್ಕುಗಳಲ್ಲಿ ಹೆಣ್ಣು ತೋರಿಸಿದ್ದು

ಗುಬ್ಬಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ ಎದುರು ಸಿಕ್ಕವರಿಗೆಲ್ಲ ನಮ್ಮ ಭಾವ ಒಂದೇ ಮಾತು ಹೇಳಿದರು: "ಬೊಂಬಾಯಿ ಪಾರ್ಕುಗಳು ಬಲು ಚೆಂದವಂತೆ, ನೋಡ್ಕೊಂಡ್ ಬರ್ತೀವಿ." ಕೊಬ್ಬರಿ ಮಂಡಿ ಬಿಟ್ಟು ತಿಪಟೂರಿನಾಚೆ ಕಾಲಿಡದ ಮನುಷ್ಯ ಪಾರ್ಕು ನೋಡಲು ಬೊಂಬಾಯಿಗೆ ಹೊರಟರೆಂದರೆ ಯಾರು ನಂಬಬೇಕು? ಆದರೆ ನಿಜ ಹೇಳುವ ಹಾಗಿರಲಿಲ್ಲ. ಗಂಡಿನವರು ಹೆಣ್ಣಿನ ಮನೆಗೆ ಬರುವುದು ನಮ್ಮ ಕಡೆಯ ಪದ್ಧತಿ. ನಾವೇ ಹೆಣ್ಣನ್ನು ಕರೆದುಕೊಂಡು ಹೋಗಿ ತೋರಿಸಿ ಬಂದೆವೆಂದು ಗೊತ್ತಾಗಿ, ಆಮೇಲೆ ಸಂಬಂಧವೂ ಕೂಡದಿದ್ದರೆ ಊರವರ ಬಾಯಿ ಮುಚ್ಚಿಸುವವರು ಯಾರು?

ಇದು ಎಂಬತ್ತರ ದಶಕದ ಮೊದಮೊದಲಿನ ಮಾತು. ಹುಡುಗಿ ನನ್ನ ಅಕ್ಕನ ಮಗಳು ಗಿರಿಜ. ಅಂತರಸನಹಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಹುಡುಗ ಮಹೇಶ ನಮ್ಮ ಗುಬ್ಬಿ ಪಕ್ಕದ ಕಡಬದ ಕಡೆಯವನು, ಬೊಂಬಾಯಿಯ ಬ್ಯಾಂಕಿನಲ್ಲಿ ಕೆಲಸ, ರಜೆ ಇಲ್ಲ. ಮಾಟುಂಗದಲ್ಲಿ ಅವನನ್ನು ಜೊತೆಗಿಟ್ಟುಕೊಂಡಿದ್ದ ಅಕ್ಕ ಪ್ರಮೀಳ ಒಂದು ಉಪಾಯ ಹೇಳಿ ಕಳಿಸಿದ್ದರು: ನೀವು ಊರು ನೋಡುವ ಹಾಗೆ ಬನ್ನಿ, ನಮ್ಮ ಮನೆ ಎರಡು ಕೋಣೆಯದು, ಪಾರ್ಕುಗಳಲ್ಲೇ ಭೇಟಿಯಾಗೋಣ. ಹುಡುಗಿಯ ತಾಯಿ, ಅಂದರೆ ನಮ್ಮಕ್ಕ, ಬಸ್ಸಿನಲ್ಲಿ ತುಮಕೂರಿಗೆ ಹೋಗುವಷ್ಟರಲ್ಲೇ ವಾಂತಿ ಮಾಡಿಕೊಳ್ಳುವವಳು. ನಾನು ಕುಣಿಗಲ್ಲಿನಲ್ಲಿ ಹಿಂದಿ ಮೇಡಂ. ಹಾಗಾಗಿ ತಾಯಿಯ ಬದಲಿಗೂ, ಹಿಂದಿ ಮಾತಿಗೂ ನಾನೇ ಗತಿಯಾದೆ.

ಅರಸೀಕೆರೆ ದಾಟಿದ ಮೇಲೆ ಭಾವ ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯತೊಡಗಿದರು. ಗಿರಿಜ ನನ್ನ ಪಕ್ಕಕ್ಕೆ ಸರಿದು ಕೂತಳು. "ಚಿಕ್ಕಮ್ಮ, ಅವ್ರು ಒಪ್ಕೊಂಡ್ರು ಅಂದ್ರೆ ಅಪ್ಪಾಜಿ ನಿಂತ ಜಾಗದಲ್ಲೇ ಹೂಂ ಅಂದ್‌ಬಿಡ್ತಾರೆ. ನನ್ನ ಒಂದ್ ಮಾತು ಕೇಳ್ಲಿ ಅಂತ ನೀನ್ ಹೇಳ್ಬೇಕು" ಅಂದಳು. ಮಾರನೆಯ ದಿನ ಮೀರಜಿನಲ್ಲಿ ದೊಡ್ಡ ಹಳಿಯ ಗಾಡಿಗೆ ಬದಲಾಯಿಸಲು ಕಾಯುತ್ತಿದ್ದಾಗ ನಾನು ಆ ಮಾತು ಎತ್ತಿದೆ. ಭಾವ ಬುತ್ತಿಯ ರೊಟ್ಟಿಗೆ ಚಟ್ನಿಪುಡಿ ಹಚ್ಚುತ್ತಾ, "ಅವಳಿಗೇನ್ ತಿಳೀತದೆ ಸರೋಜ? ಹುಡುಗಿ ಉದ್ದ ಆಯ್ತು ಅಂತ ಮೂರ್ ಜನ ಬುಟ್ಟೋದ್ರು. ಈ ಹುಡುಗ ಹೂಂ ಅಂದ್ರೆ ಸಾಕಪ್ಪ ನಂಗೆ" ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆದರೂ ಅವರ ಮುಖ ನೋಡಿದರೆ ಬೈಯಲೂ ಮನಸ್ಸು ಬರಲಿಲ್ಲ.

ಬೊಂಬಾಯಿಗೆ ಇಳಿದಾಗ ಬೆಳಗಿನ ಹೊತ್ತಿನಲ್ಲೇ ಸೆಕೆ. ಸೀರೆ ಮೈಗೆ ಅಂಟಿಕೊಳ್ಳುತ್ತಿತ್ತು. ಗಂಡಿನವರ ಮನೆಯಲ್ಲಿ ಇಳಿಯುವುದು ಸರಿಯಲ್ಲವೆಂದು ಮಾಟುಂಗದ ಒಂದು ಲಾಡ್ಜಿನಲ್ಲಿ ರೂಮು ಹಿಡಿದೆವು. ಕೆಳಗಡೆಯೇ ಇಡ್ಲಿ, ಕಾಫಿ ಸಿಗುತ್ತಿದ್ದದ್ದು ದೇವರ ದಯೆ.

ಅದೇ ಸಂಜೆ ಮಲಬಾರ್ ಗುಡ್ಡದ ಹ್ಯಾಂಗಿಂಗ್ ಗಾರ್ಡನ್ನಿಗೆ ಹೋದೆವು. ಬಸ್ಸಿನ ಚಾರ್ಜು ಗುಬ್ಬಿಯಿಂದ ತುಮಕೂರಿಗೆ ಕೊಡುವುದಕ್ಕಿಂತಲೂ ಕಡಿಮೆ. ಊರಿಗೆ ನೀರು ಬಿಡುವ ದೊಡ್ಡ ತೊಟ್ಟಿಗಳ ಮೇಲೆ ಮಣ್ಣು ಹರಡಿ ಮಾಡಿದ ತೋಟ ಅದು. ಗಿಡಗಳನ್ನು ಕತ್ತರಿಸಿ ಆನೆ, ಒಂಟೆ, ಎತ್ತಿನ ಗಾಡಿ ಮಾಡಿ ನಿಲ್ಲಿಸಿದ್ದರು. ಭಾವ ಒಂದು ಸುತ್ತು ಬಂದು, "ಇಷ್ಟ್ ನೀರು ಹಾಕಿ ಒಂದ್ ತೆಂಗಾದ್ರೂ ನೆಡಬಾರ್ದಾಗಿತ್ತಾ ಇವ್ರು" ಅಂದರು. ಹಿಂದಿನಿಂದ ಯಾರೋ ನಕ್ಕರು. ತಿರುಗಿ ನೋಡಿದರೆ ಪ್ರಮೀಳ, ಜೊತೆಯಲ್ಲಿ ಮಹೇಶ.

ಹುಡುಗ ಚೆನ್ನಾಗಿದ್ದ, ಇಲ್ಲವೆನ್ನಲಾರೆ. ಗಿರಿಜನಷ್ಟೇ ಎತ್ತರ. ರಸ್ತೆಯಾಚೆಯ ಪಾರ್ಕಿನಲ್ಲಿದ್ದ ಬೂಟಿನಾಕಾರದ ಮನೆ ತೋರಿಸಿ, ಅಲ್ಲಿಂದ ಕೆಳಗೆ ಬಾಗಿಕೊಂಡ ಸಮುದ್ರದ ದಂಡೆ ತೋರಿಸಿದ. ಭಾವನಿಗೆ ಮೆಟ್ಟಿಲಿಳಿಯಲು ಕೈ ಕೊಟ್ಟ. ಬೆಂಚು ಬೆಂಚಿಗೂ ಜೋಡಿಗಳು ಕೂತಿದ್ದವು. ನಮ್ಮ ತುಮಕೂರಿನ ಪಾರ್ಕಿನಲ್ಲಿ ಸಂಜೆ ಗಂಡಸರು ರೇಡಿಯೋ ವಾರ್ತೆ ಕೇಳಲು ಕೂರುತ್ತಿದ್ದರೇ ಹೊರತು ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಇಲ್ಲಿ ಗಂಡ ಹೆಂಡಿರ ಜಗಳವೂ ಪಾರ್ಕಿನಲ್ಲೇ. ಮನೆಯಲ್ಲಿ ಜಾಗವಿಲ್ಲದವರಿಗೆ ಇದೇ ಜಗಲಿ, ಇದೇ ಹಿತ್ತಿಲು ಎಂದು ಆಮೇಲೆ ಹೊಳೆಯಿತು.

ಮರುದಿನ ಭಾನುವಾರ, ರಾಣಿ ಬಾಗಿನ ಮೃಗಾಲಯಕ್ಕೆ ಹೋದೆವು. ಒಳಗೆ ಹೋಗಲು ಚಿಲ್ಲರೆ ಕಾಸು. ಪ್ರಾಣಿಗಳಿಗಿಂತ ನನಗೆ ಮರಗಳೇ ಹಿಡಿಸಿದವು. ಗಿರಿಜ, ಮಹೇಶ ಇಬ್ಬರೂ ಮುಂದೆ ನಡೆದರು, ನಾವು ಹಿಂದೆ. ಹಿಪ್ಪೊ ಬಾಯಿ ತೆರೆದಾಗ ಗಿರಿಜ ಬಾಯಿ ಮುಚ್ಚಿಕೊಂಡು ನಕ್ಕದ್ದು ನನಗೆ ಕೇಳಿಸಿತು. ರಾತ್ರಿ ಊಟಕ್ಕೆ ಕೂತಾಗ, "ಹೆಂಗಿದಾನೆ?" ಅಂದೆ. "ಚೆನ್ನಾಗ್ ಮಾತಾಡ್ತಾರೆ ಚಿಕ್ಕಮ್ಮ" ಎಂದು ತಲೆ ತಗ್ಗಿಸಿದಳು. ನನಗೆ ಅರ್ಧ ಮದುವೆ ಮುಗಿದಷ್ಟು ಸಂತೋಷವಾಯಿತು.

ಮೂರನೆಯ ಬೆಳಿಗ್ಗೆ ಎದ್ದಾಗ ಭಾವ ರೂಮಿನಲ್ಲಿಲ್ಲ. ಅವರದು ದಿನಾ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ಕಾಫಿ. ಎರಡು ದಿನ ಮಾರ್ಕೆಟ್ಟಿನ ಹೂವು ತಂದು, "ಯಾರ್ ಮೂಸಿ ನೋಡಿದ್ದೋ ಏನೋ" ಎಂದು ಗೊಣಗಿದ್ದರು. ಗುಬ್ಬಿಯಲ್ಲಿ ಬೆಳಗಿನ ಜಾವ ಪೂಜೆಗೆಂದು ಯಾರ ಬೇಲಿಯ ಹೂವನ್ನು ಯಾರು ಕಿತ್ತರೂ ಕಳ್ಳತನವಲ್ಲ. ಮನೆಯವರೇ ಕಂಡರೆ, ಆ ಕಡೆ ಕೊಂಬೆಯಲ್ಲಿ ಇನ್ನೂ ಇದಾವೆ ಅನ್ನುತ್ತಾರೆ. ಲಾಡ್ಜಿನ ಹಿಂದೆ ಒಂದು ಸಣ್ಣ ಪಾರ್ಕಿತ್ತು, ಅದರ ತುಂಬಾ ನಂದಿಬಟ್ಟಲು. ಗಿರಿಜನನ್ನು ಎಬ್ಬಿಸಿಕೊಂಡು ಓಡಿದೆ.

ಅಂದುಕೊಂಡ ಹಾಗೇ ಆಗಿತ್ತು. ಶಲ್ಯದ ಮಡಿಲಿನಲ್ಲಿ ಬಿಳಿ ಹೂವು ತುಂಬಿಕೊಂಡ ಭಾವನ ರಟ್ಟೆಯನ್ನು ಪಾರ್ಕಿನ ವಾಚ್‌ಮನ್ ಹಿಡಿದು ನಿಂತಿದ್ದ. ಹೂ ಕೀಳಬಾರದೆಂಬ ಬೋರ್ಡು ಮರಾಠಿಯಲ್ಲಿತ್ತು, ಅದು ಭಾವನಿಗೆ ಹೇಗೆ ತಿಳಿಯಬೇಕು? ಅವನು ಸೀಟಿ ಊದಿದ್ದರಿಂದ ವಾಕಿಂಗಿನವರೆಲ್ಲ ನಿಂತು ನೋಡುತ್ತಿದ್ದರು. ಭಾವ, "ದ್ಯಾವ್ರಿಗೆ ಕಣಯ್ಯ, ದ್ಯಾವ್ರಿಗೆ" ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ನಾನು ಪಾಠದ ಹಿಂದಿಯಲ್ಲಿ ಶುರು ಮಾಡಿದೆ. ಅಷ್ಟು ಶುದ್ಧ ಹಿಂದಿ ಆ ಮನುಷ್ಯ ಹುಟ್ಟಿದಾಗಿನಿಂದ ಕೇಳಿರಲಿಲ್ಲವೇನೋ, ನನ್ನ ಮುಖವನ್ನೇ ನೋಡಿದ.

ಆಗ ಗಿರಿಜ ನನ್ನ ಕೈ ಒತ್ತಿದಳು. ಸ್ವಲ್ಪ ದೂರದ ಮರದ ಕೆಳಗೆ ಮಹೇಶ ನಿಂತಿದ್ದ. ಬಿಳಿ ಕ್ಯಾನ್ವಾಸ್ ಬೂಟು, ಜೊತೆಗೆ ಅವನ ವಯಸ್ಸಿನ ಇಬ್ಬರು. ಅವರು ಭಾವನನ್ನು ನೋಡಿ ಏನೋ ಅಂದುಕೊಂಡು ನಗುತ್ತಿದ್ದರು. ಮಹೇಶ ನಗಲಿಲ್ಲ. ನಮ್ಮನ್ನು ನೋಡಿದ, ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡ, ಆಮೇಲೆ ಅವರಿಬ್ಬರನ್ನೂ ಕರೆದುಕೊಂಡು ಆಚೆ ಗೇಟಿನಿಂದ ಹೊರಟುಹೋದ. ಭಾವ ತಲೆ ತಗ್ಗಿಸಿಕೊಂಡೇ ಇದ್ದರು. ಕೊನೆಗೆ ವಾಚ್‌ಮನ್ ಅವರ ಕೊರಳಿನ ಕರಡಿಗೆ ನೋಡಿ ಏನನ್ನೋ ತಿಳಿದುಕೊಂಡವನಂತೆ ಕೈ ಬಿಟ್ಟ. ಹೂವನ್ನು ಮಾತ್ರ ಕೊಡಲಿಲ್ಲ.

ಲಾಡ್ಜಿಗೆ ವಾಪಸು ಬರುವಾಗ ಗಿರಿಜ, "ನೋಡಿದ್ಯಾ ಚಿಕ್ಕಮ್ಮ?" ಅಂದಳು. "ನೋಡ್ದೆ. ನಿಮ್ಮಪ್ಪಂಗೆ ಹೇಳ್ಬೇಡ" ಅಂದೆ. ಅವಳು ಮುಂದೆ ಹೋಗುತ್ತಿದ್ದ ಅಪ್ಪನನ್ನೇ ನೋಡುತ್ತಾ ನಡೆದಳು. ಭಾವ ಆ ದಿನ ಬರೀ ನೀರು, ವಿಭೂತಿಯಲ್ಲಿ ಪೂಜೆ ಮುಗಿಸಿದರು. ನಾನು ಹಗಲೆಲ್ಲ ಫ್ಯಾನಿನ ಕೆಳಗೆ ಮಲಗಿ ಯೋಚಿಸಿದೆ. ಆಫೀಸಿನ ಗೆಳೆಯರ ಎದುರು ನಾಚಿಕೆಯಾಗಿರಬಹುದು. ವಯಸ್ಸಿನ ಹುಡುಗ. ಒಂದು ಕ್ಷಣದ ಅಂಜಿಕೆಗೆ ಒಬ್ಬ ಮನುಷ್ಯನನ್ನು ಇಡಿಯಾಗಿ ಅಳೆಯಬಹುದೇ? ಸಂಜೆ ಬಂದು, ಬೆಳಿಗ್ಗೆ ಹಾಗಾಯ್ತು, ಬೇಜಾರ್ ಮಾಡ್ಕೋಬೇಡಿ ಎಂದು ಒಂದು ಮಾತು ಹೇಳಿದರೆ ಸಾಕು, ನಾನೇ ಮುಂದೆ ನಿಂತು ಮದುವೆ ಮಾಡಿಸುತ್ತೇನೆ ಅಂದುಕೊಂಡೆ.

ಸಂಜೆ ಫೈವ್ ಗಾರ್ಡನ್ನಿನಲ್ಲಿ ಭೇಟಿ. ಐದು ತುಂಡು ಪಾರ್ಕುಗಳು ಒಂದರ ಪಕ್ಕ ಒಂದು, ಸುತ್ತ ಹಳೆಯ ದೊಡ್ಡ ಮರಗಳು, ಇದು ಬೊಂಬಾಯಿಯೇ ಹೌದೇ ಅನ್ನುವಷ್ಟು ಶಾಂತ. ಪ್ರಮೀಳ ಕ್ಯಾರಿಯರಿನಲ್ಲಿ ಶಾವಿಗೆ ಪಾಯಸ ತಂದಿದ್ದರು. "ನಮ್ ಮಹೇಶಂಗೆ ಒಪ್ಪಿಗೆ ಅಂತೆ, ನಮಗೂ ಸಂತೋಷ. ತಗೊಳ್ಳಿ, ಬಾಯಿ ಸಿಹಿ ಮಾಡ್ಕೊಳ್ಳಿ" ಎಂದು ಮೊದಲ ಲೋಟವನ್ನು ಭಾವನ ಕೈಗೆ ಕೊಟ್ಟರು. ನಮ್ಮಲ್ಲಿ ಆ ಸಿಹಿ ಬಾಯಿಗಿಟ್ಟರೆ ಮಾತು ಆಯಿತೆಂದೇ ಅರ್ಥ. ಆಮೇಲೆ ಹಿಂದೆ ಸರಿದರೆ ಮರ್ಯಾದೆಯಲ್ಲ. ಭಾವನ ಮುಖ ಅರಳಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಟ ತುಟಿಯ ಹತ್ತಿರ ಹೋಗಿತ್ತು.

ಗಿರಿಜ ಮಹೇಶನ ಕಡೆ ನೋಡಿ ಮೆಲ್ಲಗೆ ಕೇಳಿದಳು, "ಬೆಳಿಗ್ಗೆ ಪಾರ್ಕಲ್ಲಿ ನಮ್ ಅಪ್ಪಾಜೀನ ನೋಡಿದ್ರಾ?"

ಮಹೇಶ ಸ್ವಲ್ಪವೂ ತಡವರಿಸಲಿಲ್ಲ. "ಇಲ್ವಲ್ಲ. ಇವತ್ತು ವಾಕಿಂಗ್‌ಗೇ ಹೋಗ್ಲಿಲ್ಲ ನಾನು, ಏಳೋದೇ ಲೇಟಾಯ್ತು. ಯಾಕೆ, ಏನಾಯ್ತು?" ಅಂದ. ಕೇಳುವಾಗ ಭಾವನ ಕಡೆಗೇ ನೋಡುತ್ತಿದ್ದ.

ಭಾವ ಲೋಟವನ್ನು ಬೆಂಚಿನ ಮೇಲಿಟ್ಟರು. "ಪ್ರಮೀಳಮ್ಮ, ತಪ್ ತಿಳ್ಕೋಬೇಡಿ. ನಮ್ ಹುಡುಗೀನ ಒಂದ್ ಮಾತು ಕೇಳ್ಬೇಕಾಗಿತ್ತು" ಎಂದು ಅಲ್ಲೇ ಮಗಳ ಕಡೆ ತಿರುಗಿದರು. "ಏನವ್ವ ಗಿರಿಜ?"

"ಬೇಡ ಅಪ್ಪಾಜಿ" ಅಂದಳು ಗಿರಿಜ.

ಪ್ರಮೀಳನಿಗೆ ಪಾಪ ಏನೂ ಅರ್ಥವಾಗಲಿಲ್ಲ. ಕ್ಯಾರಿಯರಿನ ಮುಚ್ಚಳ ಕೈಯಲ್ಲಿ ಹಿಡಿದು ತಮ್ಮನ ಮುಖ, ನಮ್ಮ ಮುಖ ನೋಡುತ್ತಾ ನಿಂತಿದ್ದರು. ನಾವು ಕೈ ಮುಗಿದು ಹೊರಟೆವು. ರಸ್ತೆ ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಅಕ್ಕ ತಮ್ಮ ಇಬ್ಬರೂ ಅದೇ ಬೆಂಚಿನ ಹತ್ತಿರ ಇದ್ದರು. ನನಗೆ ಪ್ರಮೀಳನಿಗಾಗಿ ನಿಜಕ್ಕೂ ದುಃಖವಾಯಿತು.

ವಾಪಸು ಬರುವಾಗ ಮೀರಜಿನಲ್ಲಿ ಕಾಫಿ ಕುಡಿದದ್ದಷ್ಟೇ ನೆನಪು. ಗಾಡಿ ತಿಪಟೂರು ಬಿಟ್ಟು ಎರಡೂ ಕಡೆ ತೆಂಗಿನ ತೋಟ ಶುರುವಾದಾಗ ಬೆಳಗಾಗಿತ್ತು. ಭಾವ ಎದ್ದು ಬಂದು ಗಿರಿಜನ ಎದುರಿಗೆ ಕೂತರು.

"ನಾನೂ ನೋಡಿದ್ದೆ ಕಣವ್ವ. ಮರದ ಕೆಳಗೆ ನಿಂತಿದ್ದ. ಅಷ್ಟಾದ್ರೂ ಸಾಯಂಕಾಲ ಹೂಂ ಅನ್ನೋನಿದ್ದೆ" ಅಂದರು.

"ನೀವು ನೋಡಿದ್ದು ನಂಗೆ ಗೊತ್ತಿತ್ತು ಅಪ್ಪಾಜಿ. ಹೂಂ ಅಂತೀರ ಅಂತಾನೂ ಗೊತ್ತಿತ್ತು" ಅಂದಳು ಗಿರಿಜ. "ಅದಕ್ಕೇ ಅಲ್ಲಿ ನಿಮ್ಮೆದುರೇ ಕೇಳಿದ್ದು."

ಭಾವ ಕಿಟಕಿಯ ಕಡೆ ತಿರುಗಿಕೊಂಡರು. ಗುಬ್ಬಿ ಬರುವವರೆಗೂ ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.