ಚಾ ಕುಡಿಯುವಷ್ಟು ಹೊತ್ತು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಆರೈಕೆ ಕೇಂದ್ರಗಳಿಗೆ ತಿಂಗಳಿಗೊಮ್ಮೆ ಹೋಗಿ ಬರುವುದು ವಕೀಲಿಯ ಜೊತೆಗೆ ನನಗೆ ಅಂಟಿಕೊಂಡ ಕೆಲಸ. ಅಲ್ಲಿರುವ ಅಂಗವಿಕಲರನ್ನು ಯಾರಾದರೂ ಹೊಡೆಯುತ್ತಾರೆಯೇ, ಕೂಡಿಹಾಕುತ್ತಾರೆಯೇ ಎಂದು ನೋಡಿ ಕಾನೂನು ಸೇವಾ ಪ್ರಾಧಿಕಾರದವರಿಗೆ ವರದಿ ಕೊಡಬೇಕು. ನನ್ನ ಹಳೆಯ ವರದಿಗಳನ್ನು ಈಗ ತೆಗೆದು ಓದಿದರೆ ಎಲ್ಲದರಲ್ಲೂ ಒಂದೇ ಸಾಲು: ‘ಎಲ್ಲವೂ ಸರಿಯಾಗಿದೆ.’ ಅಕ್ಷರಗಳು ಮಾತ್ರ ಬಹಳ ದುಂಡಗಿವೆ.

ನಮ್ಮ ಕಡೆ ಬಂದವರಿಗೆ ಮೊದಲು ಚಾ. ನರೋಣಾದ ನಮ್ಮ ಮನೆಗೆ ಹೊಲದ ಬದುವಿನ ಜಗಳ ತೆಗೆಯಲು ಬಂದವನಿಗೂ ಅವ್ವ ಚಾ ಕೊಟ್ಟೇ ಬೈಯಲು ಶುರು ಮಾಡುತ್ತಿದ್ದಳು. ಬೇಡವೆಂದರೆ ಮನೆಯನ್ನೇ ಬೇಡವೆಂದಂತೆ. ಹಾಗಾಗಿ ಆಳಂದದ ಒಂದು ಕೇಂದ್ರದಲ್ಲೂ ಮೇಲ್ವಿಚಾರಕರು “ಮೊದಲ ಚಾ ತೊಗೋರ್ರಿ ಮೇಡಂ” ಅಂದಾಗ ನಾನು ಕಚೇರಿಯಲ್ಲಿ ಕೂತು, ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಆರಾಮಾಗಿ ಕುಡಿದೇ ಒಳಗೆ ಹೋಗುತ್ತಿದ್ದೆ.

ಒಳಗೆ ಒಬ್ಬ ಯುವತಿ ಇದ್ದಳು. ಸುಮಾರು ಇಪ್ಪತ್ತೈದರವಳು, ಮಾತು ಬಾರದು, ಬುದ್ಧಿ ಬೆಳೆದಿಲ್ಲ ಎಂದು ದಾಖಲೆಯಲ್ಲಿತ್ತು. ನಾನು ಹೋದಾಗಲೆಲ್ಲ ಕಾಲಿಗೆ ಕಂಬಳಿ ಹೊದ್ದು ಮಂಚದ ಮೇಲೆ ಕೂತಿರುತ್ತಿದ್ದಳು. ನಾನು ನಗುತ್ತಿದ್ದೆ, ಅವಳು ನಗುತ್ತಿರಲಿಲ್ಲ.

ಐದನೆಯ ಭೇಟಿ ಮುಗಿಸಿ ಹೊರಟಾಗ ಪಡಸಾಲೆಯಲ್ಲಿದ್ದ ಸರಸಂಬಾ ಊರಿನ ಮುದುಕಿಯೊಬ್ಬಳು ನನ್ನ ಸೆರಗು ಹಿಡಿದಳು. ಎರಡೂ ಕಾಲಿಗೆ ಬಲವಿಲ್ಲದ ಆಕೆ ಚಕ್ರದ ಹಲಗೆಯ ಮೇಲೆ ತಿರುಗಾಡುತ್ತಿದ್ದಳು.

“ನೀವು ಹೊರಗ ಚಾ ಕುಡಿಯೂದ್ರಾಗ ಒಳಗ ಆ ಹುಡುಗಿ ಕಾಲು ಬಿಚ್ಚತಾರ್ರಿ. ನೀವು ಹೋದ ಮ್ಯಾಲ ಮತ್ತ ಕಟ್ಟತಾರ. ನಾ ಹೇಳೀನಿ ಅಂತ ಹೇಳಬ್ಯಾಡ್ರಿ ಬೇಟಿ.”

ಮುಂದಿನ ವಾರವೇ ಹೇಳದೆ ಕೇಳದೆ ಹೋದೆ. ಮೇಲ್ವಿಚಾರಕರು ಚಾ ಅನ್ನುವಷ್ಟರಲ್ಲಿ ಕಚೇರಿ ದಾಟಿ ಒಳಗಿದ್ದೆ. ಹಳೆಯ ಸೀರೆಯ ಪಟ್ಟಿಯೊಂದು ಅವಳ ಎಡಗಾಲಿನಿಂದ ಮಂಚದ ಕಾಲಿಗೆ ಬಿಗಿದಿತ್ತು. ಗಂಟಿನ ಕೆಳಗೆ ಚರ್ಮ ಕಪ್ಪಗೆ ಗಟ್ಟಿಯಾಗಿತ್ತು. ಅದು ಒಂದೆರಡು ದಿನದ ಗುರುತಲ್ಲ.

“ಬಿಟ್ಟರ ರೋಡಿಗೆ ಓಡತಾಳ್ರಿ, ಲಾರಿ ತಿರಗತಾವ. ನೋಡವ್ರು ನಾವು ಇಬ್ಬರ. ಏನ್ ಮಾಡಬೇಕ್ರಿ?” ಎಂದರು ಮೇಲ್ವಿಚಾರಕರು. ಅವರದು ಸುಳ್ಳೇನಲ್ಲ. ಆದರೆ ಇಬ್ಬರೇ ಇದ್ದೀರೆಂದು ಮನುಷ್ಯರನ್ನು ಕಟ್ಟಿಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದೆ. ದೂರು ಬರೆದೆ.

ವಿಚಾರಣೆಯ ದಿನ ಮೇಲ್ವಿಚಾರಕರು ಅಧಿಕಾರಿಯ ಮೇಜಿನ ಮೇಲೆ ನನ್ನವೇ ಐದು ವರದಿಗಳನ್ನು ಇಟ್ಟರು.

“ಎಲ್ಲಾ ಸರಿ ಅದ ಅಂತ ಮೇಡಮ್ಮರ ಬರದಾರ್ರಿ. ಸಹಿನೂ ಅವರದ ಅದ. ಗುರುತು ಹಳೇದು ಅಂದ್ರ ಆವಾಗ ಯಾಕ ಕಾಣಲಿಲ್ರಿ?”

ಆ ವರದಿಗಳು ನಿಂತರೆ ದೂರು ಬೀಳುತ್ತದೆ, ಗಂಟು ಮತ್ತೆ ಬೀಳುತ್ತದೆ. ಒಂದು ಹಾಳೆ ಕೇಳಿ ಪಡೆದು ಬರೆದುಕೊಟ್ಟೆ: ‘ಆ ಐದೂ ವರದಿಗಳು ತಪ್ಪು. ಪ್ರತಿ ಸಲ ನಾನು ಮೊದಲು ಕಚೇರಿಯಲ್ಲಿ ಕೂತು ಚಾ ಕುಡಿದೆ. ಆಮೇಲೆ ಒಳಗೆ ಹೋದರೂ ಕಂಬಳಿ ಸರಿಸಿ ನೋಡಲಿಲ್ಲ.’ ಅಧಿಕಾರಿ ಎರಡು ಸಲ ಓದಿದರು. ನಗಲಿಲ್ಲ. ನಕ್ಕವರು ವಕೀಲರ ಸಂಘದವರು. ಈಗಲೂ ನಾನು ಹೋದರೆ ‘ಚಾ ವಕೀಲರು ಬಂದ್ರು’ ಅನ್ನುತ್ತಾರೆ. ಅನ್ನಲಿ.

ಕಟ್ಟಬಾರದು, ಇನ್ನಿಬ್ಬರು ಆಯಾಗಳನ್ನು ನೇಮಿಸಬೇಕು, ಗೇಟು ಸರಿಪಡಿಸಬೇಕು ಎಂದು ಆದೇಶವಾಯಿತು. ಹೇಳಿದ್ದು ಯಾರೆಂದು ಕೇಂದ್ರದವರು ಬಹಳ ಕೇಳಿದರು. ನಾನು ಹೇಳಲಿಲ್ಲ.

ಎರಡು ತಿಂಗಳ ಮೇಲೆ ಹೋದಾಗ ಯುವತಿ ಅಂಗಳದಲ್ಲಿ ಮುದುಕಿಯ ಪಕ್ಕ ಬಿಸಿಲಿಗೆ ಕೂತಿದ್ದಳು. ನಾನೂ ನೆಲದ ಮೇಲೆಯೇ ಕೂತೆ. ಎಲ್ಲ ನೋಡಿಯಾಗಿತ್ತು, ಸರಿಯಿತ್ತು. ನಿಜವಾಗಿಯೂ ಖುಷಿಯಾಗಿತ್ತು ನನಗೆ. ಮುದುಕಿ “ಇವತ್ತ ನಮ್ಮ ಎದುರಿಗೇ ಕುಡೀರಿ” ಎಂದು ಚಾ ತರಿಸಿದಳು.

ಆಯಾ ಕಪ್ಪು-ಬಸಿ ಹಿಡಿದು ಬಂದಳು. ಅವುಗಳ ಸದ್ದು ಕಿವಿಗೆ ಬಿದ್ದದ್ದೇ ತಡ, ಯುವತಿ ಕೂತಲ್ಲೇ ತಿರುಗಿ, ಸೀರೆ ಸರಿಸಿ, ಬಿಚ್ಚಲೆಂದು ತನ್ನ ಎಡಗಾಲನ್ನು ಆಯಾಳ ಮುಂದೆ ಚಾಚಿದಳು.