ಗುಡ್ಡ ಸುಟ್ಟವರು

ಆಗ ನಮಗೆ ಜಗತ್ತೆಂದರೆ ಗುಡ್ಡದ ಮೇಲಿನಿಂದ ಕಾಣುವಷ್ಟು ಮಾತ್ರ. ಕಕ್ಕೇರಾದ ಆಚೆಗಿನ ನಮ್ಮ ಕರಿಕಲ್ಲಿನ ಗುಡ್ಡದ ನೆತ್ತಿಯಲ್ಲಿ ನಿಂತರೆ ದೂರದ ಕೃಷ್ಣೆ ತಗಡಿನ ಚೂರಿನಂತೆ ಹೊಳೆಯುತ್ತಿದ್ದಳು. ಮಳೆಗಾಲದಲ್ಲಿ ನೆತ್ತಿಯ ತುಂಬ ಮೊಣಕಾಲೆತ್ತರದ ಹುಲ್ಲು. ಚಳಿಗೆ ಅದು ಗೋಧಿಬಣ್ಣಕ್ಕೆ ತಿರುಗುತ್ತಿತ್ತು. ಶಿವರಾತ್ರಿ ದಾಟಿದ ಮೇಲೆ ಕೈ ಸೋಕಿದರೆ ಪುಡಿ. ಅದರೊಳಗೆ ಗೌಜಲಕ್ಕಿಗಳು ಮೊಟ್ಟೆ ಇಡುತ್ತಿದ್ದವು.

ಗುಡ್ಡ ಉರಿದ ದಿನ ನಾನೂ ಹಣಮವ್ವನೂ ಅಲ್ಲಿ ಕೂತು ಸೀತಾಫಲ ತಿಂದೆವೆಂದು ನೆನಪು. ಸುಳ್ಳಿರಬೇಕು. ಬೇಸಿಗೆಯಲ್ಲಿ ಸೀತಾಫಲ ಎಲ್ಲಿಯದು? ಬೇರೆ ಯಾವುದೋ ದಿನದ ಸಿಹಿಯನ್ನು ತಂದು ಇಲ್ಲಿಗೆ ಅಂಟಿಸಿಕೊಂಡಿದ್ದೇನೆ. ಹಣಮವ್ವ ನನ್ನಂತೆ ಹತ್ತು ವರ್ಷದವಳು. ಶಾಲೆ ಬಿಟ್ಟು ಮನೆಯ ಆಡು ಕಾಯುತ್ತಿದ್ದಳು. ನಾನು ಕಲಿತದ್ದನ್ನು ಅವಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

“ಈ ಗುಡ್ಡ ಮೊದ್ಲ ಬೆಂಕಿ ಇತ್ತಂತ. ಭೂಮಿ ಒಳಗಿಂದ ಉಕ್ಕಿ ಬಂದು, ಆರಿ ಕಲ್ಲಾಗ್ಯಾದಂತ. ಮಾಸ್ತರ್ರು ಹೇಳ್ಯಾರ.”

“ಕಲ್ಲು ಉಕ್ಕತಾದೇನಬೇ, ಹಾಲಿನಂಗ? ನಿಮ್ಮ ಮಾಸ್ತರ್ ಖರೇನ ಶಾಣ್ಯಾ ಅದಾನ ಬಿಡು!”

“ಕಲ್ಲಿಗೆ ಬೆಂಕಿ ಹಚ್ಚಿ ತೋರಸ್ಲೇನು?”

“ಬ್ಯಾಡಬೇ. ಗಾಳಿ ಭಾಳ ಅದ.”

ಅಪ್ಪನ ಅಂಗಡಿಯಿಂದ ಎತ್ತಿ ತಂದ ಕಡ್ಡಿಪೆಟ್ಟಿಗೆ ನನ್ನ ಬಳಿ ಇತ್ತು. ಕಡ್ಡಿ ಗೀರಿ ಕಲ್ಲಿನ ಬಿರುಕಿಗೆ ಇಟ್ಟೆ. ಪಕ್ಕದ ಹುಲ್ಲು ಭಗ್ಗೆಂದಿತು. ಗಾಳಿಯೇ ಮಾಡಿತು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಗಾಳಿಗೂ ಮೊದಲು ನನ್ನ ಕೈ ಇತ್ತು. ಹಣಮವ್ವ ತಲೆಯ ಮೇಲಿನ ಅರಿವೆಯಿಂದ ಬೆಂಕಿಯನ್ನು ಬಡಿಯತೊಡಗಿದಳು. ನಾನು ಇಳಿದು ಓಡಿದೆ. ಹಿಂದಿನಿಂದ ಗೌಜಲಕ್ಕಿಗಳ ಚೀರಾಟ.

ಬೇಸಿಗೆಗೆ ಊರ ದನಗಳಿಗೆಲ್ಲ ಆ ಹುಲ್ಲೇ ಆಧಾರ. ಹೊಸ ಚಿಗುರಿಗಾಗಿ ಆಡಿನವರು ಹುಲ್ಲಿಗೆ ಬೆಂಕಿ ಇಡುವುದು ನಮ್ಮ ಕಡೆ ಉಂಟು. ಹೀಗಾಗಿ ಮೈಯೆಲ್ಲ ಮಸಿಯಾಗಿ ಇಳಿದು ಬಂದ ಹಣಮವ್ವನನ್ನು ಬಿಟ್ಟು ಯಾರೂ ಬೇರೆಯವರನ್ನು ಹುಡುಕಲಿಲ್ಲ. ನಮ್ಮ ಅಂಗಡಿಯ ಮುಂದೆಯೇ ಹಿರಿಯರು ಸೇರಿದರು.

“ಚಿಗುರಿನ ಆಸಿಗೆ ಸುಟ್ಟಿಯೇನಬೇ?” ಎಂದು ಅಪ್ಪನೇ ಕೇಳಿದ.

“ನಾ ಅಲ್ರಿ.”

“ಮತ್ಯಾರು?”

ಅವಳು ನನ್ನನ್ನು ನೋಡಿದಳು. ಹೆಸರು ಹೇಳಲಿಲ್ಲ. ನಾನು ಅಪ್ಪನ ಬೆನ್ನ ಹಿಂದೆ ಸರಿದೆ. ಅವಳ ಅವ್ವ ಎಲ್ಲರೆದುರಿಗೆ ಅವಳ ಬೆನ್ನಿಗೆ ಗುದ್ದಿದಳು. ಅವರ ಆಡುಗಳಿಗೆ ಗುಡ್ಡ ಬಂದ್ ಆಯಿತು. ಮಳೆ ಬೀಳುವುದರೊಳಗೆ ಆಡುಗಳನ್ನೂ ಮಾರಿದರು.

ಹೋದ ವರ್ಷ ಸೈದಾಪುರದ ಸ್ಟೇಶನ್ನಿನಲ್ಲಿ ಹಣಮವ್ವ ಸಿಕ್ಕಳು. ಕಡೇಚೂರಿನ ಕಾರ್ಖಾನೆಗೆ ಹೋಗುತ್ತಾಳಂತೆ. ಜೊತೆಗೆ ಮಗಳಿದ್ದಳು.

“ಸಣ್ಣಾಕಿದ್ದಾಗ ನಾ ಗುಡ್ಡ ಸುಟ್ಟಿದ್ನಲ್ಲ, ಆಗ ಇಕಿನೂ ಇದ್ಲು ನೋಡು,” ಎಂದು ಮಗಳಿಗೆ ಹೇಳಿ ಜೋರಾಗಿ ನಕ್ಕಳು. “ಹೌದಿಲ್ಲೋ?”

ಅವಳ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಊರು ಅಷ್ಟು ವರ್ಷ ಹೇಳಿದ್ದು ಅವಳದೇ ನೆನಪಾಗಿಬಿಟ್ಟಿತ್ತು. ಹುಲ್ಲು ಮುಂದಿನ ಮಳೆಗೇ ತಿರುಗಿ ಬಂತು, ಹಕ್ಕಿಗಳೂ ಬಂದವು. ಆದರೆ ಆ ಮಧ್ಯಾಹ್ನ ನಡೆದದ್ದನ್ನು ಕಂಡವರು ನಾವಿಬ್ಬರೇ. ಈಗ ನಾನೊಬ್ಬಳೇ ಉಳಿದಿದ್ದೆ. ಮಗಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ರೈಲಿಗೆ ಇನ್ನೂ ಹೊತ್ತಿತ್ತು.

“ಹೌದು, ಇದ್ನಿ,” ಎಂದೆ.